ಐದನೇ ವಾದ್ಯ

ಲಂಡನ್ನಿನ ವಿಗ್ಮೋರ್ ಹಾಲ್ ಎಂಬ ಸಂಗೀತ ಸಭಾಂಗಣದಲ್ಲಿ ಸುಮಾರು 550 ಆಸನಗಳಿವೆ. ಅದರಲ್ಲಿ ಮೂರನೇ ಸಾಲಿನ ಅಂಚಿನದು ಈ ಮಹಾಶಯರದು. ಹಾಗೆಂದು ಎಲ್ಲೂ ಬರೆದಿಲ್ಲ. ಆದರೆ ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಇವರು ಬೀರುವ ನೋಟಕ್ಕೆ, ಕೂತವರು ತಾವಾಗಿಯೇ ಎದ್ದು ತಮ್ಮ ಟಿಕೆಟ್ಟನ್ನು ಇನ್ನೊಮ್ಮೆ ನೋಡಿಕೊಳ್ಳುತ್ತಾರೆ. ಹಾಲ್ ಬಾಗಿಲು ತೆರೆದದ್ದು 1901ರಲ್ಲಿ. ಇವರ ಕೋಟು ನೋಡಿದರೆ ಆರಂಭೋತ್ಸವಕ್ಕೂ ಬಂದಿದ್ದರೇನೋ ಅನ್ನಿಸುತ್ತದೆ.

ಕ್ವಾರ್ಟೆಟ್ ಎಂದರೆ ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ. ಐದನೆಯದು ಇವರು.

ಮೂರು ಕ್ವಾರ್ಟೆಟ್‌ಗಳನ್ನು ಒಂದೇ ವಿಷಯದ ಎಳೆಯಲ್ಲಿ ಪೋಣಿಸಿ ನುಡಿಸುವ ಕಛೇರಿಯೆಂದರೆ ಇವರಿಗೆ ಹಬ್ಬ. ಬರೀ ಸಂಗೀತವಾದರೆ ಕೇಳಬೇಕಾಗುತ್ತದೆ, ವಿಷಯವಿದ್ದರೆ ವಿವರಿಸಬಹುದು. ‘ಆತ್ಮಕಥೆ’ ಎಂಬ ಎಳೆಯ ಸಂಜೆಯನ್ನೇ ತೆಗೆದುಕೊಳ್ಳಿ. ಮೊದಲು ಸ್ಮೆಟಾನ, ಆಮೇಲೆ ಯಾನಾಚೆಕ್, ಕೊನೆಗೆ ಶೋಸ್ಟಕೋವಿಚ್. ಮೂವರೂ ತಂತಿಗಳಲ್ಲಿ ತಮ್ಮ ಕಥೆ ಹೇಳಿಕೊಂಡ ಸಂಯೋಜಕರು. ಮೂವರ ಕಥೆಯೂ ಪಕ್ಕದ ಸೀಟಿನವರಿಗೆ ಮುಂಚಿತವಾಗಿಯೇ ತಲುಪಿರುತ್ತದೆ.

ಸ್ಮೆಟಾನ 1874ರಲ್ಲಿ ಕಿವುಡರಾದರು. 1876ರಲ್ಲಿ ‘ನನ್ನ ಬದುಕಿನಿಂದ’ ಎಂಬ ಕ್ವಾರ್ಟೆಟ್ ಬರೆದರು. ಕೊನೆಯ ಭಾಗದ ಕುಣಿತ ಏರುತ್ತಿರುವಾಗಲೇ ಎಲ್ಲ ಥಟ್ಟನೆ ನಿಂತು, ಮೊದಲನೇ ಪಿಟೀಲು ಎತ್ತರದ ‘ಇ’ ಸ್ವರವೊಂದನ್ನು ಎಳೆದು ಹಿಡಿಯುತ್ತದೆ. ಅವರ ಕಿವಿಯಲ್ಲಿ ಮೊರೆಯುತ್ತಿದ್ದ ಸದ್ದು ಅದು. ಮಹಾಶಯರು ಅದಕ್ಕೆ ಎಷ್ಟೋ ಮೊದಲೇ ಪಕ್ಕದವರನ್ನು ಮೊಣಕೈಯಿಂದ ತಿವಿದು ‘ಬಂತು, ಬಂತು, ಇಗೋ’ ಎನ್ನುತ್ತಾರೆ. ಸ್ವರ ಬಂದೇ ಬರುತ್ತದೆ. ಪಕ್ಕದವರಿಗೆ ಮಾತ್ರ ಕೇಳಿಸುವುದು ಇವರ ಪಿಸುಮಾತು. ಸಂಯೋಜಕನ ಸಂಕಟ ಅವರಿಗೆ ಆಗ ಚೆನ್ನಾಗಿ ಅರ್ಥವಾಗುತ್ತದೆ.

ಹಾಗಂತ ಇವರು ಗದ್ದಲ ಸಹಿಸುವವರಲ್ಲ. ಒಂದು ಭಾಗ ಮುಗಿದದ್ದೇ ಕೃತಿ ಮುಗಿಯಿತೆಂದು ಯಾರೋ ಹೊಸಬರು ಚಪ್ಪಾಳೆ ತಟ್ಟಿದರೆ, ಇವರ ಕತ್ತು ಮೆಲ್ಲಗೆ ಹಿಂದಕ್ಕೆ ತಿರುಗುತ್ತದೆ. ಮಾತಿಲ್ಲ, ಕತೆಯಿಲ್ಲ. ಎತ್ತಿದ ಕೈಗಳು ತಾವಾಗಿಯೇ ತೊಡೆಯ ಮೇಲೆ ಬಂದು ಕೂರುತ್ತವೆ. ಭಾಗಗಳ ನಡುವಿನ ಬಿಡುವು ಕೆಮ್ಮಿಗೆ ಮೀಸಲು ಎಂಬುದು ಇವರ ಶಾಸ್ತ್ರ. ಅಲ್ಲಿಯವರೆಗೆ ತಡೆದಿಟ್ಟ ಕೆಮ್ಮನ್ನೆಲ್ಲ ಇವರು ಅಲ್ಲಿ ಸವಿಸ್ತಾರವಾಗಿ ನುಡಿಸುತ್ತಾರೆ. ಗಂಟಲಿನ ಮಿಠಾಯಿಯ ಕಾಗದವನ್ನಾದರೋ, ನಿಧಾನಕ್ಕೆ ಬಿಡಿಸಿದರೆ ಸದ್ದಾಗದೆಂಬ ನಂಬಿಕೆಯಿಂದ, ಒಂದಿಡೀ ವಿಳಂಬ ಭಾಗದುದ್ದಕ್ಕೂ ಬಿಡಿಸುತ್ತಾರೆ. ಚರ್... ಚರ್...

ಯಾನಾಚೆಕ್ಕರ ‘ಆಪ್ತ ಪತ್ರಗಳು’ 1928ರದ್ದು. ತಮಗಿಂತ 37 ವರ್ಷ ಚಿಕ್ಕವಳಾದ, ಮದುವೆಯಾಗಿದ್ದ ಕಮಿಲಾ ಎಂಬಾಕೆಗೆ ಅವರು 700ಕ್ಕೂ ಹೆಚ್ಚು ಪತ್ರ ಬರೆದಿದ್ದರು. ವಿರಾಮದ ಹೊತ್ತಿನಲ್ಲಿ ಮಹಾಶಯರು ಅವನ್ನೆಲ್ಲ ತಾವೇ ಆಕೆಯ ಮನೆಗೆ ಮುಟ್ಟಿಸಿದ ಅಂಚೆಯವರಂತೆ ಮಾತಾಡುತ್ತಾರೆ. ವಿಯೋಲ ಇವತ್ತು ಹೇಗಿತ್ತು ಎಂದು ಕೇಳಿದರೆ, ‘ಯಾವ ವಿಯೋಲ?’

ಕೊನೆಯದು ಶೋಸ್ಟಕೋವಿಚ್ಚರ ಎಂಟನೆಯ ಕ್ವಾರ್ಟೆಟ್. 1960ರ ಜುಲೈಯಲ್ಲಿ, ಡ್ರೆಸ್ಡೆನ್ ಬಳಿ ಮೂರೇ ದಿನದಲ್ಲಿ ಬರೆದದ್ದು. ತಮ್ಮ ಹೆಸರಿನ ಅಕ್ಷರಗಳನ್ನೇ ನಾಲ್ಕು ಸ್ವರಗಳಾಗಿಸಿ ಉದ್ದಕ್ಕೂ ಹೆಣೆದದ್ದು. ಐದು ಭಾಗ, ನಡುವೆ ಎಲ್ಲೂ ನಿಲುಗಡೆಯಿಲ್ಲ. ಇದನ್ನೂ ಪಕ್ಕದವರಿಗೆ ಇವರೇ ಹೇಳಿರುತ್ತಾರೆ. ಗಂಟಲಿಗೆ ಹೇಳಲು ಮರೆತಿರುತ್ತಾರೆ.

ಮೊದಲ ಭಾಗ ಎರಡನೆಯದಕ್ಕೆ ನುಗ್ಗುತ್ತದೆ, ಎರಡನೆಯದು ಮೂರನೆಯದಕ್ಕೆ ಜಾರುತ್ತದೆ. ಕೆಮ್ಮಿಗೆ ಎಲ್ಲೂ ಸಂದಿಯಿಲ್ಲ. ನಾಲ್ಕನೆಯದರಲ್ಲಿ ಬಾಗಿಲು ಬಡಿದಂತೆ ಮೂರು ಮೂರು ಪೆಟ್ಟು ಬೀಳುವಾಗ ಇವರ ಮುಖ ಕೆಂಪೇರಿ ಕಣ್ಣಲ್ಲಿ ನೀರು. ಪಕ್ಕದವರು, ಪಾಪ, ರಸಾನುಭವವೆಂದೇ ತಿಳಿಯುತ್ತಾರೆ. ಐದನೆಯ ಭಾಗ ಕ್ಷೀಣಿಸುತ್ತ ಕ್ಷೀಣಿಸುತ್ತ ನಿಲ್ಲುತ್ತದೆ. ಬಿಲ್ಲುಗಳು ಇನ್ನೂ ಗಾಳಿಯಲ್ಲಿವೆ, ಇಡೀ ಹಾಲ್ ಉಸಿರು ಬಿಗಿಹಿಡಿದಿದೆ. ಆಗ ಐದೂ ಭಾಗಗಳ ಕೆಮ್ಮು ಒಂದೇ ಸಲಕ್ಕೆ ಹೊರಬೀಳುತ್ತದೆ.

ಬಾಲ್ಕನಿಯ ಹೊಸಬರೊಬ್ಬರು ಅದನ್ನೇ ಸೂಚನೆಯೆಂದುಕೊಂಡು ಚಪ್ಪಾಳೆ ತಟ್ಟುತ್ತಾರೆ. ಎಲ್ಲರೂ ತಟ್ಟುತ್ತಾರೆ.

‘ಕೊನೆಯ ಮೌನವನ್ನೇ ಹಾಳುಮಾಡಿದರು ನೋಡಿ, ಶಿಸ್ತೇ ಇಲ್ಲ ಜನಕ್ಕೆ’ ಎನ್ನುತ್ತ ಮಹಾಶಯರು ಬೀದಿಗಿಳಿಯುತ್ತಾರೆ. ಜೇಬಿನಿಂದ ಇನ್ನೊಂದು ಮಿಠಾಯಿ ತೆಗೆದು, ಕಾಗದವನ್ನು ಒಂದೇ ಎಳೆತಕ್ಕೆ ಪರ್ರನೆ ಹರಿದು ಬಾಯಿಗೆ ಹಾಕಿಕೊಳ್ಳುತ್ತಾರೆ.