ಪ್ಯಾರಿಸ್ಸಿನಲ್ಲೂ ಮೊದಲ ಪೂಜೆ ಗಣಪನಿಗೆ

ಎರಡು ದಿನದಲ್ಲಿ ಊರು ನೋಡಿ ಬರುವ ವಿದ್ಯೆಯನ್ನು ಯುರೋಪಿನವರು ಕಂಡುಹಿಡಿದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ, ಶನಿವಾರ ಬೆಳಗಿನ ಜಾವ ನೇತ್ರಾವತಿಯಲ್ಲಿ ಮುಳುಗೆದ್ದು, ಮಂಜುನಾಥನ ದರ್ಶನ ಮುಗಿಸಿ, ಅನ್ನಪೂರ್ಣದಲ್ಲಿ ಉಂಡು, ಸಂಜೆಗೆ ಸುಬ್ರಹ್ಮಣ್ಯ ಸೇರಿ, ಭಾನುವಾರ ಶೃಂಗೇರಿ, ಹೊರನಾಡು ಎರಡನ್ನೂ ಮುಗಿಸಿ, ಸೋಮವಾರ ಹತ್ತು ಗಂಟೆಗೆ ಹಣೆಯ ಕುಂಕುಮದ ಸಮೇತ ಆಫೀಸಿನಲ್ಲಿ ಹಾಜರಿ ಹಾಕಿದ ಜನ ನಾವು. ಇಂಗ್ಲೆಂಡಿನವರು ಇದನ್ನೇ ಸಿಟಿ ಬ್ರೇಕ್ ಎನ್ನುತ್ತಾರೆ, ಮತ್ತು ಚಕ್ರ ಇರುವ ಪುಟ್ಟ ಸೂಟ್‌ಕೇಸ್ ಎಳೆದುಕೊಂಡು ಹೋಗುತ್ತಾರೆ. ಅಷ್ಟೇ ವ್ಯತ್ಯಾಸ.

ಅಲ್ಲ, ಇನ್ನೊಂದಿದೆ. ನನ್ನ ಆಫೀಸಿನ ಇಂಗ್ಲಿಷ್ ಗೆಳತಿ ಪ್ಯಾರಿಸ್ಸಿಗೆ ಹೋಗಿಬಂದಳೆಂದರೆ ಏನು ನೋಡಿದೆ ಎಂದು ಕೇಳುವಂತಿಲ್ಲ. ಅವಳು ಏನೂ ನೋಡಿರುವುದಿಲ್ಲ. ತಡವಾಗಿ ಎದ್ದಿರುತ್ತಾಳೆ, ಎಲ್ಲೋ ಕೂತಿರುತ್ತಾಳೆ, ಹಾಗೇ ಸುಮ್ಮನೆ ನಡೆದಿರುತ್ತಾಳೆ. ಇಷ್ಟಕ್ಕೆ ದುಡ್ಡು ಕೊಟ್ಟು ಪರದೇಶಕ್ಕೆ ಹೋಗಬೇಕೆ ಎಂಬುದು ನಮ್ಮತ್ತೆಯ ಪ್ರಶ್ನೆ. ನಮ್ಮದು ಯಾತ್ರೆ. ಹೋದ ಮೇಲೆ ನೋಡಬೇಕು, ನೋಡಿದ ಮೇಲೆ ಮುಂದಿನದಕ್ಕೆ ಹೊರಡಬೇಕು. ರೈಲು ಎಷ್ಟು ಸಮಯ ಉಳಿಸಿಕೊಟ್ಟರೂ ಅಷ್ಟರಲ್ಲಿ ಇನ್ನೊಂದು ಕ್ಷೇತ್ರ ಸೇರಿಸುವ ತಾಕತ್ತು ನಮಗಿದೆ.

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ಪ್ಯಾರಿಸ್ಸಿಗೆ ಯೂರೋಸ್ಟಾರ್ ರೈಲು. ಎಲ್ಲಕ್ಕಿಂತ ಬೇಗ ಹೋಗುವ ಗಾಡಿಗೆ 2 ಗಂಟೆ 16 ನಿಮಿಷ. ನಮ್ಮ ಮನೆ ಇರುವುದು ಮಿಲ್ಟನ್ ಕೀನ್ಸ್‌ನಲ್ಲಿ. ಒಮ್ಮೆ ಮೈಸೂರಿನಿಂದ ಅತ್ತೆ ಮಾವ ಬಂದಿದ್ದರು. ಮಾವ ಅರಸೀಕೆರೆ ಜಂಕ್ಷನ್‌ನಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಅವರಿಗೆ ಪ್ಯಾರಿಸ್ ಬೇಕಿರಲಿಲ್ಲ, ರೈಲು ಬೇಕಿತ್ತು. ಅತ್ತೆಗೆ ರೈಲು ಬೇಕಿರಲಿಲ್ಲ, ಪ್ಯಾರಿಸ್ಸನ್ನು ಮುಗಿಸಬೇಕಿತ್ತು. ಹದಿನಾರರ ಮಗಳಿಗೆ ರಸ್ತೆ ಬದಿಯ ಕೆಫೆಯಲ್ಲಿ ಗಂಟೆಗಟ್ಟಲೆ ಕೂರಬೇಕಿತ್ತು. ಮಗನಿಗೆ ವೈಫೈ. ನಮ್ಮ ಯಜಮಾನರಿಗೆ ಯಾರೂ ಜಗಳವಾಡದಿದ್ದರೆ ಸಾಕಿತ್ತು.

ರೈಲಿನ ವೇಗ ಅನುಭವಕ್ಕೆ ಬರುವ ಮುಂಚೆ ಷೆಂಗೆನ್ ವೀಸಾ ಅನುಭವಕ್ಕೆ ಬರುತ್ತದೆ. ಇಲ್ಲೇ ಹುಟ್ಟಿದ ಮಕ್ಕಳಿಗೆ ಬ್ರಿಟಿಷ್ ಪಾಸ್‌ಪೋರ್ಟು, ಅವರಿಗೆ ವೀಸಾ ಬೇಡ. ನಮ್ಮಿಬ್ಬರಿಗೆ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಹೋಟೆಲ್ ಬುಕಿಂಗ್, 30,000 ಯೂರೋಗೆ ಕಡಿಮೆಯಿಲ್ಲದ ವಿಮೆ, ಹತ್ತೂ ಬೆರಳ ಗುರುತು. ಅತ್ತೆ ಮಾವ ಬೆಂಗಳೂರಿನಲ್ಲೇ ಮಾಡಿಸಿಕೊಂಡು ಬಂದಿದ್ದರು. ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಕೇಳಿದಾಗ ಅತ್ತೆ, "ಯಾತ್ರೆ ಅಂತ ಬರೀರಿ, ಯಾರೂ ಬೇಡ ಅನ್ನಲ್ಲ" ಎಂದಿದ್ದರಂತೆ.

ಆಮೇಲೆ ಬುತ್ತಿಯ ಪ್ರಶ್ನೆ. ಪುಳಿಯೋಗರೆ, ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ, ಕೋಡುಬಳೆ. ಇವಕ್ಕೆ ಯಾವ ಸರ್ಕಾರದ ತಕರಾರೂ ಇಲ್ಲ. ತಕರಾರು ಮೊಸರನ್ನಕ್ಕೆ. ಹೊರಗಿನ ದೇಶಗಳಿಂದ ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಪ್ರಯಾಣಿಕರು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. 2021ರ ಜನವರಿ 1ರಿಂದ ಬ್ರಿಟನ್ ಕೂಡ ಹೊರಗಿನ ದೇಶವೇ. ಆ ತಿಂಗಳು ಇಂಗ್ಲೆಂಡಿನಿಂದ ಬಂದ ಲಾರಿ ಚಾಲಕರ ಬ್ರೆಡ್ಡಿನೊಳಗೆ ಹಂದಿಮಾಂಸವಿದೆಯೆಂದು ಡಚ್ ಕಸ್ಟಮ್ಸ್‌ನವರು ಬುತ್ತಿಯನ್ನೇ ಕಿತ್ತುಕೊಂಡದ್ದು ಟಿವಿಯಲ್ಲಿ ಬಂದಿತ್ತು.

ಇದನ್ನು ಹೇಳಿದಾಗ ಅತ್ತೆ ಒಗ್ಗರಣೆ ಸೌಟನ್ನು ಹಿಡಿದುಕೊಂಡೇ ನಿಂತರು. "ಹಂದಿಗೂ ನನ್ನ ಮೊಸರನ್ನಕ್ಕೂ ಒಂದೇ ಕಾನೂನಾ?"

"ಕಾನೂನು ಅಂದ್ರೆ ಕಾನೂನು ಕಣೇ," ಎಂದರು ಮಾವ. ಮೂವತ್ತು ವರ್ಷ ಸಿಗ್ನಲ್‌ಗೆ ತಲೆಬಾಗಿದ ಜೀವ. ಕೊನೆಗೆ ರಾಜಿಯಾಯಿತು. ಮೊಸರನ್ನ ಬರುತ್ತದೆ, ಆದರೆ ಗಡಿ ದಾಟುವ ಮುಂಚೆ ಹೊಟ್ಟೆ ಸೇರುತ್ತದೆ.

ಹಾಗಾಗಿ ಅಕ್ಟೋಬರ್ ರಜೆಯ ಒಂದು ಶನಿವಾರ ಬೆಳಗ್ಗೆ ಏಳೂವರೆಗೆ, ಸೇಂಟ್ ಪ್ಯಾಂಕ್ರಸ್‌ನ ಮೇಲಿನ ಅಂತಸ್ತಿನಲ್ಲಿ ನಮ್ಮ ಪಂಕ್ತಿ ಕೂತಿತು. ಅಲ್ಲಿ ಅಪ್ಪಿಕೊಂಡು ನಿಂತ ಜೋಡಿಯ 9 ಮೀಟರ್ ಎತ್ತರದ ಕಂಚಿನ ಪ್ರತಿಮೆಯಿದೆ. ಅತ್ತೆ ಅದಕ್ಕೆ ಬೆನ್ನು ಹಾಕಿ ಕೂತು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರು. ಇಂಗು, ಸಾಸಿವೆ, ಕರಿಬೇವಿನ ಘಮ ಏಳುತ್ತಿದ್ದಂತೆ, ಅಲ್ಲಿಯವರೆಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೇರೆ ಯಾರದೋ ಮನೆಯವನಂತೆ ದೂರ ನಿಂತಿದ್ದ ಮಗ ಮೆಲ್ಲನೆ ಹತ್ತಿರ ಬಂದ. ಕೆಳಗಡೆ ಯಾರೋ ದಾರಿಹೋಕರು ನಿಲ್ದಾಣದ ಪಿಯಾನೋ ನುಡಿಸುತ್ತಿದ್ದರು. ಅತ್ತೆ ಪ್ರತಿ ತುತ್ತಿನ ಮೇಲೂ ಎರಡು ದಾಳಿಂಬೆ ಕಾಳು, ಪಕ್ಕಕ್ಕೊಂದು ಮಾವಿನಮಿಡಿ ಇಟ್ಟು ಕೈತುತ್ತು ಹಾಕುತ್ತ ಹೋದರು. ಡಬ್ಬಿ ಖಾಲಿಯಾದಾಗ ಯುರೋಪಿಯನ್ ಒಕ್ಕೂಟಕ್ಕೆ ನಮ್ಮಿಂದ ಯಾವ ಅಪಾಯವೂ ಉಳಿದಿರಲಿಲ್ಲ.

ತಪಾಸಣೆಯಾದ ಮೇಲೆ ಲಂಡನ್ನಿನಲ್ಲೇ ಕೂತಿದ್ದ ಫ್ರೆಂಚ್ ಪೊಲೀಸರು ಪಾಸ್‌ಪೋರ್ಟಿಗೆ ಮೊಹರು ಹಾಕಿದರು. ಮಾವ ಕೂಡಲೇ ವಾಟ್ಸಾಪ್ ಗುಂಪಿಗೆ "ಫ್ರಾನ್ಸ್ ಪ್ರವೇಶಿಸಿದೆವು" ಎಂದು ಬರೆದು, ಪಕ್ಕದಲ್ಲೇ ಲೊಕೇಶನ್ನೂ ಕಳಿಸಿದರು. ಅದು ಲಂಡನ್ ತೋರಿಸುತ್ತಿತ್ತು. ಮೈಸೂರಿನಿಂದ ಅವರ ತಮ್ಮ, "ಅಣ್ಣ, ಯಾರೋ ನಿಮಗೆ ಟೋಪಿ ಹಾಕಿದಾರೆ, ಟಿಕೆಟ್ ಸರಿಯಾಗಿ ನೋಡಿ" ಎಂದು ಉತ್ತರ ಬರೆದರು.

ರೈಲಿಗೆ ಕಾಯುವ ಆ ಹಜಾರದ ಚರಿತ್ರೆಯನ್ನು ಮಾವ ಓದಿಕೊಂಡೇ ಬಂದಿದ್ದರು. 1868ರಲ್ಲಿ ನಿಲ್ದಾಣ ಕಟ್ಟಿದಾಗ ಇದು ಬರ್ಟನ್ ಊರಿನಿಂದ ಬರುವ ಬಿಯರ್ ಪೀಪಾಯಿಗಳ ಉಗ್ರಾಣ. ವಿಲಿಯಂ ಬಾರ್ಲೋ ಎಂಬ ಎಂಜಿನಿಯರು ಕಂಬಗಳ ನಡುವಿನ ಅಂತರವನ್ನೂ ಪೀಪಾಯಿಗಳ ಲೆಕ್ಕದಲ್ಲೇ ಇಟ್ಟಿದ್ದರು. ಇದನ್ನು ಕೇಳಿ ಅತ್ತೆ ನೆಲದ ಮೇಲಿದ್ದ ಪುಳಿಯೋಗರೆ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. "ನೂರೈವತ್ತು ವರ್ಷ ಆಯ್ತಲ್ಲಮ್ಮ," ಎಂದು ನಮ್ಮ ಯಜಮಾನರು ಸಮಾಧಾನ ಹೇಳಿದರು. "ಇರಲಿ ಬಿಡೋ, ತೊಡೆ ಮೇಲಿದ್ರೆ ಭಾರ ಏನಾಗಲ್ಲ" ಎಂಬ ಉತ್ತರ ಬಂತು.

ರೈಲು ಹೊರಟಾಗ ಸೀಟಿ ಕೇಳಿಸಲಿಲ್ಲ, ಹಸಿರು ಬಾವುಟ ಕಾಣಿಸಲಿಲ್ಲ ಎಂದು ಮಾವನಿಗೆ ಸ್ವಲ್ಪ ಬೇಜಾರಾಯಿತು. ವೇಗ 300 ಕಿಲೋಮೀಟರ್ ಮುಟ್ಟಿದಾಗ ಬೇಜಾರು ಹೋಯಿತು. ಕಿಟಕಿಯ ಅಂಚಿನಲ್ಲಿ ನೀರಿನ ಲೋಟ ಇಟ್ಟು ನೋಡಿದರು. ತುಳುಕಲಿಲ್ಲ. ನೋಟ್‌ಬುಕ್ಕಿನಲ್ಲಿ ಗುಣಾಕಾರ ಮಾಡಿ, "ಬೆಂಗಳೂರು ಮೈಸೂರು 139 ಕಿಲೋಮೀಟರ್. ಈ ಗಾಡಿ ಅರ್ಧ ಗಂಟೆ ಒಳಗೆ ಹಾಕುತ್ತೆ" ಎಂದು ಘೋಷಿಸಿದರು.

"ಆಮೇಲೆ ಮದ್ದೂರು ವಡೆ ಯಾವಾಗ ತಿನ್ನೋದು?" ಎಂದರು ಅತ್ತೆ. ಅತಿವೇಗದ ರೈಲಿನ ವಿರುದ್ಧ ಇಷ್ಟು ಗಟ್ಟಿಯಾದ ವಾದವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮಾವ ಸೋಲಲಿಲ್ಲ. ಇಂಗ್ಲಿಷರ ಮೇಲೆ ತಿರುಗಿದರು. 1994ರಲ್ಲಿ ಸುರಂಗ ತೆರೆದಾಗ ಫ್ರಾನ್ಸಿನ ಕಡೆ ಅತಿವೇಗದ ಹಳಿ ಸಿದ್ಧವಿತ್ತು, ಇಂಗ್ಲೆಂಡಿನ ಕಡೆ ಇರಲಿಲ್ಲ. ಇಂಗ್ಲೆಂಡಿಗೆ ಬಂದ ಮೇಲೆ ಪ್ರಯಾಣಿಕರು ನಿಧಾನವಾಗಿ ಕೆಂಟ್ ಪ್ರಾಂತ್ಯದ ಸೊಬಗು ಸವಿಯಬಹುದು ಎಂದು ಫ್ರಾನ್ಸಿನ ಅಧ್ಯಕ್ಷ ಮಿತ್ತರಾಂ ಚುಚ್ಚಿದ್ದರು. ಇಂಗ್ಲೆಂಡಿನ ಹಳಿ ಪೂರ್ತಿಯಾದದ್ದು 2007ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ರೈಲು ಬಂದು ನಿಲ್ಲುತ್ತಿದ್ದುದು ವಾಟರ್‌ಲೂ ನಿಲ್ದಾಣದಲ್ಲಿ. ನೆಪೋಲಿಯನ್ ಸೋತ ಊರಿನ ಹೆಸರಿನ ಸ್ಟೇಷನ್ನಿಗೆ ಹದಿಮೂರು ವರ್ಷ ಫ್ರೆಂಚರನ್ನು ಇಳಿಸಿದರಲ್ಲ ಎಂದು ಮಾವ ಮೆಚ್ಚಿ ನಕ್ಕರು. "ಅತಿಥಿ ಸತ್ಕಾರ ಅಂದ್ರೆ ಹೀಗಿರಬೇಕು."

ಅಷ್ಟರಲ್ಲಿ ಕಿಟಕಿ ಕಪ್ಪಾಯಿತು. ಸುರಂಗ. 50 ಕಿಲೋಮೀಟರ್ ಉದ್ದ, ಅದರಲ್ಲಿ 38 ಕಿಲೋಮೀಟರ್ ಸಮುದ್ರದ ಅಡಿ. ತೀರಾ ಆಳದಲ್ಲಿ ಸಮುದ್ರ ಮಟ್ಟಕ್ಕಿಂತ 115 ಮೀಟರ್ ಕೆಳಗೆ. ಒಳಗೆ ವೇಗವನ್ನು 160ಕ್ಕೆ ಇಳಿಸುತ್ತಾರೆ, ಆದರೂ ಇಪ್ಪತ್ತೇ ನಿಮಿಷ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ 55 ಕಿಲೋಮೀಟರ್‌ಗೆ 57 ಸುರಂಗ ಕಂಡ ಮಾವ, ಒಂದೇ ಸುರಂಗದಲ್ಲಿ ಅಷ್ಟು ದೂರ ಎಂಬುದಕ್ಕೆ ಮಾತಿಲ್ಲದೆ ಕೂತರು. ಅತ್ತೆಯ ಚಿಂತೆ ಬೇರೆ. "ಏನೂಂದ್ರೆ, ಸಮುದ್ರ ದಾಟಬಾರದು ಅಂತಿದ್ರಲ್ಲ ನಿಮ್ಮಜ್ಜ?"

"ಈಗೆಲ್ಲಿ ದಾಟ್ತಿದೀವಿ? ನುಸೀತಿದೀವಿ. ಅದಕ್ಕೆ ಶಾಸ್ತ್ರದಲ್ಲಿ ನಿಷೇಧ ಇಲ್ಲ."

"ಇಂಡಿಯಾದಿಂದ ಬಂದಾಗ?"

"ಅದು ಮೇಲಿಂದ. ನೀರು ಮುಟ್ಟಲಿಲ್ಲವಲ್ಲ."

ಅತ್ತೆಗೆ ಸಮಾಧಾನವಾಯಿತು. ಕೋಡುಬಳೆ ಡಬ್ಬಿ ಹೊರಬಂತು.

ಪ್ಯಾರಿಸ್ಸಿನ ಗಾರ್ ದ್ಯು ನೋರ್ ನಿಲ್ದಾಣದಲ್ಲಿ ಇಳಿದು ಉತ್ತರಕ್ಕೆ ಸ್ವಲ್ಪ ನಡೆದರೆ ಲಾ ಷಪೆಲ್. ಶ್ರೀಲಂಕಾದ ತಮಿಳರ ಬೀದಿ. ಮಗಳು ಐಫೆಲ್ ಗೋಪುರದ ಕನಸಿನಲ್ಲಿದ್ದಾಗ ಅತ್ತೆಯ ಕಣ್ಣಿಗೆ ಮೊದಲು ಬಿದ್ದದ್ದು ಅಂಗಡಿಯ ಬಾಗಿಲಲ್ಲಿ ಕಟ್ಟು ಕಟ್ಟಾಗಿದ್ದ ಕರಿಬೇವು, ನುಗ್ಗೆಕಾಯಿ, ಬಾಳೆಎಲೆ. "ಇದೇನಾ ನಿಮ್ಮ ಪ್ಯಾರಿಸ್ಸು? ಚೆನ್ನಾಗಿದೆಯಲ್ಲ!" ಅಲ್ಲೇ ಹತ್ತಿರದ ಪಜೋಲ್ ರಸ್ತೆಯಲ್ಲಿ ಮಾಣಿಕ್ಕ ವಿನಾಯಗರ್ ದೇವಸ್ಥಾನವಿದೆ. ಗಣೇಶನ ಹಬ್ಬದ ಕಾಲದಲ್ಲಿ ಇಲ್ಲಿಂದ ರಥ ಹೊರಟು, ಪ್ಯಾರಿಸ್ಸಿನ ಡಾಂಬರಿನ ಮೇಲೆ ರಾಶಿ ರಾಶಿ ತೆಂಗಿನಕಾಯಿ ಒಡೆಯುತ್ತಾರೆ. ಇನ್ನು ವಾದಕ್ಕೆ ಎಡೆಯೇ ಇರಲಿಲ್ಲ. ಮೊದಲ ಪೂಜೆ ಗಣಪನಿಗೆ, ಆಮೇಲೆ ಉಳಿದ ದೇವರು.

ಉಳಿದ ದೇವರಲ್ಲಿ ಅಂದು ರಾತ್ರಿ ಐಫೆಲ್. ಕತ್ತಲಾದ ಮೇಲೆ ಗಂಟೆಗೊಂದು ಸಲ ಐದು ನಿಮಿಷ, 20,000 ದೀಪಗಳು ಮಿನುಗುತ್ತವೆ. ಎಂಟು ಗಂಟೆ ಹೊಡೆಯಿತು, ಇಡೀ ಗೋಪುರ ಝಗ್ಗೆಂದಿತು. ಸುತ್ತಲಿನವರೆಲ್ಲ ಫೋನ್ ಎತ್ತಿದರು. ಅತ್ತೆ ಎರಡೂ ಅಂಗೈ ದೀಪದ ಕಡೆ ತೋರಿಸಿ ಕಣ್ಣಿಗೊತ್ತಿಕೊಂಡರು. "ಸರಿಯಾಗಿ ಮಂಗಳಾರತಿ ಹೊತ್ತಿಗೆ ಬಂದ್ವಿ ನೋಡು" ಎಂದು ನನ್ನ ಕಡೆ ತಿರುಗಿದ ಮುಖದಲ್ಲಿ ಅಪ್ಪಟ ತೃಪ್ತಿಯಿತ್ತು. ಮೇಲೆ ಹತ್ತಲು ಒಪ್ಪಲಿಲ್ಲ. ಗೋಪುರ ದರ್ಶನವನ್ನು ಕೆಳಗಿಂದಲೇ ಮಾಡಬೇಕಂತೆ.

ಭಾನುವಾರ ಲೂವ್ರ್. ಮೋನಾಲಿಸಾ ಮುಂದಿನ ಸರತಿಯಲ್ಲಿ ಅತ್ತೆಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಚೀಲ ಎದೆಗವಚಿಕೊಂಡು, ಮೊಣಕೈ ಸ್ವಲ್ಪ ಅಗಲಿಸಿ, ಮುಂದಿನವರ ಬೆನ್ನು ಬಿಡದೆ ಸರಿದರು. ಚಿತ್ರ ಇರುವುದು 77 ಸೆಂಟಿಮೀಟರ್ ಎತ್ತರ, 53 ಅಗಲ. ಇಷ್ಟು ಚಿಕ್ಕದಾ ಎಂದು ನಮ್ಮ ಯಜಮಾನರು ಗೊಣಗಿದರೆ ಅತ್ತೆ ಗದರಿದರು. "ಮೂಲ ವಿಗ್ರಹ ಎಲ್ಲಾದರೂ ದೊಡ್ಡದಿರುತ್ತೇನೋ? ಉಡುಪೀಲಿ ಕಿಂಡಿಯಿಂದ ನೋಡಿಲ್ವಾ?"

ಜನ ಬೆನ್ನು ಹಾಕಿ ನಿಲ್ಲುವ ಎದುರು ಗೋಡೆಯಲ್ಲಿ ಲೂವ್ರ್‌ನ ಅತಿ ದೊಡ್ಡ ವರ್ಣಚಿತ್ರವಿದೆ. ವೆರೊನೀಸೆ 1563ರಲ್ಲಿ ಮುಗಿಸಿದ, ಸುಮಾರು ಹತ್ತು ಮೀಟರ್ ಅಗಲದ ಮದುವೆ ಊಟ. ಅತ್ತೆ ನಿಂತದ್ದು ಅದರ ಮುಂದೆ, ಮತ್ತು ಬೀಗರ ಮನೆಯ ವ್ಯವಸ್ಥೆ ನೋಡುವ ಕಣ್ಣಿನಲ್ಲಿ. "ಮದುಮಕ್ಕಳನ್ನ ಎಡಗಡೆ ಮೂಲೇಲಿ ಕೂರಿಸಿದಾರೆ. ನಡುವೆ ನೋಡಿದ್ರೆ ವಾಲಗದವರು. ಊಟದ ಮನೇಲಿ ನಾಯಿ ಬೇರೆ." ಕಣ್ಣು ಮೇಲಿನ ಮೊಗಸಾಲೆಗೆ ಹೋಗಿ, ಅಲ್ಲಿ ಮಾಂಸ ಕೊಚ್ಚುತ್ತಿರುವವರು ಕಂಡು, ಥಟ್ಟನೆ ಕೆಳಗಿಳಿಯಿತು. "ನಡೀರಿ. ಈ ಮದುವೇಲಿ ನಮಗೇನೂ ಸಿಗಲ್ಲ."

ಪಟ್ಟಿಯಲ್ಲಿ ಇನ್ನೂ ಮೂರು ಕ್ಷೇತ್ರಗಳಿದ್ದವು. ಲೂವ್ರ್‌ನ ಮೆಟ್ಟಿಲು ಅವನ್ನೆಲ್ಲ ಅಳಿಸಿತು. ಅತ್ತೆಯ ಬಲ ಮೊಣಕಾಲು ಇನ್ನು ಆಗದು ಎಂದಿತು. ಎದುರಿಗೊಂದು ಕೆಫೆ. ಮಾವ ದರಪಟ್ಟಿ ಓದಿ, ಕೌಂಟರಿನ ಬಳಿ ನಿಂತು ಕುಡಿದರೆ ಒಂದು ಬೆಲೆ, ಕೂತರೆ ಇನ್ನೊಂದು ಎಂದು ಪತ್ತೆ ಮಾಡಿ, "ಎಲ್ಲರೂ ನಿಂತುಕೊಳ್ಳಿ" ಎನ್ನುವಷ್ಟರಲ್ಲಿ ಅತ್ತೆ ಕೂತಾಗಿತ್ತು. ಅವರನ್ನು ಒಬ್ಬರೇ ಬಿಡುವಂತಿಲ್ಲ. ಕುರ್ಚಿಗಳೆಲ್ಲ ಬೀದಿಗೇ ಮುಖ ಮಾಡಿದ್ದವು. ಆರೂ ಜನ ಸಾಲಾಗಿ ಕೂತೆವು. ಮಗಳು ಶಾಲೆಯ ಫ್ರೆಂಚ್ ಹೊರತೆಗೆದು ಹಾಲು ಬೆರೆಸಿದ ಕಾಫಿ ಹೇಳಿದಳು.

ಫ್ರಾನ್ಸಿನಲ್ಲಿ ಕೇಳದೆ ಬಿಲ್ಲು ತರುವುದು ಒರಟುತನ. ಇದು ಮಾವನಿಗೆ ಗೊತ್ತಿಲ್ಲ. ಬಿಲ್ಲು ಬರಲಿ, ಎದ್ದು ಹೋಗೋಣ ಎಂದು ಅವರು ಕಾದರು. ಮಾಣಿ ಬರಲಿಲ್ಲ. ಕೇಳಬೇಕೆಂದು ಗೊತ್ತಿದ್ದ ಮಗಳು ಬಾಯಿಬಿಡಲಿಲ್ಲ. ಈ ನಡುವೆ ಅತ್ತೆಗೆ ಬೀದಿ ರುಚಿಸತೊಡಗಿತ್ತು. "ಆ ಉದ್ದನೆ ಬ್ರೆಡ್ಡು ನೋಡು, ಬರಿಗೈಲಿ ಹಿಡ್ಕೊಂಡು ದಾರೀಲೇ ತುದಿ ಮುರ್ಕೊಂಡು ತಿಂತಾನೆ. ಮನೆಗೆ ಹೋಗಿ ಎಲ್ಲರಿಗೂ ಎಂಜಲು ಬಡಿಸ್ತಾನೆ." "ಆಯಮ್ಮನ ಕೋಟು ಚೆನ್ನಾಗಿದೆ, ಮೋರೆ ಮಾತ್ರ ಇಂಗು ತಿಂದ ಹಾಗಿದೆ." ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಇಂಗ್ಲಿಷಿನಲ್ಲಿ ತಮ್ಮನಿಗೆ ಹೇಳಿ, ಮೂವರೂ ಬಿದ್ದು ಬಿದ್ದು ನಗುತ್ತಿದ್ದರು. ಒಂದೂವರೆ ಗಂಟೆ ಹೋದದ್ದು ಯಾರಿಗೂ ತಿಳಿಯಲಿಲ್ಲ. 300 ಕಿಲೋಮೀಟರ್ ವೇಗದಲ್ಲಿ ಉಳಿಸಿದ ಸಮಯವನ್ನು ಒಂದು ಮೊಣಕಾಲು, ಒಬ್ಬ ಮಾಣಿ ಸೇರಿ ಖರ್ಚು ಮಾಡಿಸಿದರು.

ವಾಪಸಿನ ರೈಲಿನಲ್ಲಿ ಮಾವ ಮತ್ತೆ ನೋಟ್‌ಬುಕ್ ತೆಗೆದರು. ಫ್ರಾನ್ಸಿನ ಗಡಿಯಾರ ಒಂದು ಗಂಟೆ ಮುಂದೆ. ಹೀಗಾಗಿ ಹೋಗುವಾಗ ಗಡಿಯಾರದ ಲೆಕ್ಕದಲ್ಲಿ ಮೂರು ಗಂಟೆಗೂ ಮೇಲೆ, ಬರುವಾಗ ಒಂದು ಗಂಟೆ ಚಿಲ್ಲರೆ. "ಹಾಗಾದ್ರೆ ಎರಡು ಸಲವೂ ಬರೋ ಗಾಡಿ ಟಿಕೆಟ್ಟೇ ತಗೋಬೇಕಿತ್ತು" ಎಂದು ಅತ್ತೆ ಮಗನ ಕಡೆ ನೋಡಿದರು. ನಮ್ಮ ಯಜಮಾನರು ನಿದ್ದೆ ಬಂದವರಂತೆ ಕಣ್ಣು ಮುಚ್ಚಿದರು.

ರಾತ್ರಿ ಮನೆಯಲ್ಲಿ ಅನ್ನ ಸಾರು ಬಡಿಸುವಾಗಲೇ ಮಾವ ಮುಂದಿನ ಪ್ರಸ್ತಾಪ ಇಟ್ಟರು. ವೀಸಾ ಇನ್ನೂ ಇದೆ. ಬ್ರಸೆಲ್ಸ್‌ಗೆ ಎರಡೇ ಗಂಟೆ. ಅಲ್ಲಿ 1619ರಲ್ಲಿ ಮಾಡಿಸಿದ ಪುಟ್ಟ ಹುಡುಗನ ಕಂಚಿನ ಮೂರ್ತಿಯಿದೆ. ತೊಡಿಸಲು ಒಂದು ಸಾವಿರಕ್ಕೂ ಹೆಚ್ಚು ಉಡುಪುಗಳಿವೆ.

"ಅಲಂಕಾರಪ್ರಿಯ ಅನ್ನು. ಹೋಗೋಣ," ಎಂದರು ಅತ್ತೆ. "ಏನು ಮಾಡ್ತಾ ನಿಂತಿದಾನೆ?"

ದೊಡ್ಡವರೆಲ್ಲ ತಟ್ಟೆ ನೋಡಿಕೊಂಡೆವು. ಮಗ ಫೋನಿನಿಂದ ತಲೆ ಎತ್ತದೆ ಹೇಳಿದ. "ಉಚ್ಚೆ ಹೊಯ್ತಿದಾನೆ ಅಜ್ಜಿ. ಅದೊಂದು ಕಾರಂಜಿ."

ಅತ್ತೆ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಒಂದು ಕ್ಷಣ ಯೋಚಿಸಿದರು.

"ಮಗು ತಾನೇ, ದೋಷವಿಲ್ಲ. ದರ್ಶನ ಮಾಡ್ಕೊಂಡು ಬರೋಣ. ತೀರ್ಥ ಮಾತ್ರ ಯಾರೂ ತಗೋಬೇಡಿ."