ಶ್ರೀಮಾನ್ ‘ಷರಾ’ ಅವರಿಗೊಂದು ಬಹಿರಂಗ ಅಹವಾಲು

ಗೆ,
ಶ್ರೀಮಾನ್ ಷರಾ ಅವರು,
ಕಟ್ಟಕಡೆಯ ಕಾಲಂ, ಜ್ವರ ಪ್ರಕರಣಗಳ ವರದಿ ನಮೂನೆ,
ಆರೋಗ್ಯ ಇಲಾಖೆಯ ಕಬ್ಬಿಣದ ಬೀರು.

ವಿಷಯ: ಜ್ವರ ಬಿಟ್ಟರೂ ಬಿಡದ ನೋವನ್ನು ತಮ್ಮಲ್ಲಿ ನಮೂದಿಸಿಕೊಳ್ಳುವ ಬಗ್ಗೆ.
ಉಲ್ಲೇಖ: ಅರ್ಜಿದಾರನ ಎರಡು ಮಣಿಕಟ್ಟು, ಎರಡು ಪಾದದ ಗಂಟು ಹಾಗೂ ಬಹುತೇಕ ಎಲ್ಲ ಬೆರಳಿನ ಗೆಣ್ಣುಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಕಂದಾಯ ಇಲಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದು ನಿವೃತ್ತನಾದವನು. ರೂಲು ದೊಣ್ಣೆ ಹಿಡಿದು ಕಾಲಂ ಎಳೆದ ಕಾಲದವನು. ಆದ್ದರಿಂದಲೇ ಮಂತ್ರಿಗಳಿಗೂ ಬರೆಯದೆ, ಆಯುಕ್ತರಿಗೂ ಬರೆಯದೆ, ಕಚ್ಚಿದ ಸೊಳ್ಳೆಗೂ ಬರೆಯದೆ ನೇರವಾಗಿ ತಮಗೇ ಬರೆಯುತ್ತಿದ್ದೇನೆ. ಮಂತ್ರಿಗಳು ಖಾತೆ ಬದಲಿಸುತ್ತಾರೆ, ಆಯುಕ್ತರಿಗೆ ವರ್ಗವಾಗುತ್ತದೆ, ಸೊಳ್ಳೆ ಕೆಲವೇ ವಾರ ಬದುಕುವ ಜೀವಿ. ನಮೂನೆಯೊಂದೇ ಸ್ಥಿರ.

ತಮ್ಮ ಎಡಮಗ್ಗುಲಿನ ನೆರೆಹೊರೆಯೆಲ್ಲ ನನಗೆ ಗೊತ್ತು. ‘ಶಂಕಿತ’ರು ಮಳೆಗಾಲದಲ್ಲಿ ಮೈತುಂಬಿಕೊಂಡಿರುತ್ತಾರೆ. ‘ರಕ್ತದ ಮಾದರಿ ಸಂಗ್ರಹಿಸಿದ್ದು’ ಅವರಿಗಿಂತ ಸಣಕಲು, ‘ದೃಢಪಟ್ಟಿದ್ದು’ ಇನ್ನೂ ಸಣಕಲು. ‘ಸಾವು’ ಎಂಬುವರಂತೂ ಸೊನ್ನೆಯನ್ನೇ ಕುಂಕುಮದ ಬೊಟ್ಟಿನಂತೆ ಹಣೆಗಿಟ್ಟುಕೊಂಡು ನಗುತ್ತಿರುತ್ತಾರೆ. ಅವರಾದ ಮೇಲೆ ತಾವು. ಕಾಗದದಲ್ಲಿ ಉಳಿದಷ್ಟೇ ಜಾಗ, ಅದರಲ್ಲೊಂದು ಅಡ್ಡಗೆರೆ. ಯಾರೂ ಏನೂ ಬರೆಯದ್ದಕ್ಕೆ ತಾವು ಇಷ್ಟು ವರ್ಷ ಒಮ್ಮೆಯೂ ಆಕ್ಷೇಪಣೆ ಸಲ್ಲಿಸಿಲ್ಲ. ಇಂಥ ಸಜ್ಜನರ ಮುಂದೆಯೇ ಅಹವಾಲು ಹೇಳಿಕೊಳ್ಳಬೇಕು.

ತಮಗೆ 2006 ಜ್ಞಾಪಕವಿರಬಹುದು. 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಕಾಣಿಸಿಕೊಂಡು ಆಮೇಲೆ ಮೂರು ದಶಕ ಸುದ್ದಿಯಿಲ್ಲದಿದ್ದ ಚಿಕುನ್‌ಗುನ್ಯ ಮರಳಿ ಬಂದಿತ್ತು. 2006ರಲ್ಲಿ ದೇಶದ ಲೆಕ್ಕಕ್ಕೆ ಬಂದ ಶಂಕಿತ ಪ್ರಕರಣ ಸುಮಾರು 13.9 ಲಕ್ಷ, ಅದರಲ್ಲಿ ಏಳೂವರೆ ಲಕ್ಷ ನಮ್ಮ ರಾಜ್ಯದ್ದೇ. ಸುವರ್ಣ ಕರ್ನಾಟಕದ ಸಂಭ್ರಮದ ವರ್ಷ ಅದು. ಯಾವ ವೇದಿಕೆಯ ಮೇಲೂ ಈ ಪ್ರಥಮ ಸ್ಥಾನವನ್ನು ಯಾರೂ ಹೇಳಿಕೊಂಡಂತಿಲ್ಲ, ನಮ್ಮವರ ವಿನಯ ಅಂಥದ್ದು. ಈ ಕಾಯಿಲೆಯಿಂದಲೇ ಆದ ಸಾವು ಎಷ್ಟು ಎಂದರೆ ಸರ್ಕಾರದ ಉತ್ತರ: ಇಲ್ಲ. ಅಹಮದಾಬಾದಿನಲ್ಲಿ ಆ ವರ್ಷದ ಆಗಸ್ಟ್‌ನಿಂದ ನವೆಂಬರ್‌ವರೆಗೆ, ಹಿಂದಿನ ನಾಲ್ಕು ವರ್ಷಗಳ ಇದೇ ತಿಂಗಳುಗಳ ಸರಾಸರಿಗಿಂತ 2,944 ಸಾವು ಹೆಚ್ಚಾಗಿತ್ತೆಂದು ದಿಲೀಪ್ ಮಾವಳಂಕರ್ ಮತ್ತು ಸಂಗಡಿಗರು 2008ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ಸೊನ್ನೆಯ ಬೊಟ್ಟು ಅಳಿಯಲಿಲ್ಲ.

ಸತ್ತವರ ಗತಿಯೇ ಹೀಗಿರುವಾಗ ಬದುಕಿರುವ ನನ್ನಂಥವನು ಬೆರಳು ಮಡಚಲು ಬರುವುದಿಲ್ಲವೆಂದು ದೂರುವುದು ಅಧಿಕಪ್ರಸಂಗವೇ ಸರಿ. ಆದರೂ ಹೇಳುತ್ತೇನೆ.

ಚಿಕುನ್‌ಗುನ್ಯ ನನ್ನಲ್ಲಿ ಬಿಟ್ಟುಹೋದ ನೋವಿಗೆ ಸಮಯಪ್ರಜ್ಞೆ ಬಹಳ. ಬೆಳಗಿನ ಜಾವ ಎದ್ದಾಗ ಅಂಗೈ ಬಿಚ್ಚದು, ಪಾದ ನೆಲಕ್ಕೂರಿದರೆ ಜೀವ ಬಾಯಿಗೆ ಬರುತ್ತದೆ, ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತೆಗೆಯಲು ಮೊಮ್ಮಗಳನ್ನು ಕೂಗಬೇಕು. ಬಿಸಿಲೇರಿದ ಹಾಗೆ ಕೀಲುಗಳು ಒಂದೊಂದಾಗಿ ಸಡಿಲವಾಗುತ್ತವೆ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ಡಾಕ್ಟರ ಮುಂದೆ ಕೂರುವ ಹೊತ್ತಿಗೆ ನಾನು ಹೆಚ್ಚುಕಡಿಮೆ ಗಟ್ಟಿಮುಟ್ಟಾದ ಮನುಷ್ಯ. ‘ಕೈ ಮುಚ್ಚಿ, ಬಿಚ್ಚಿ’ ಎನ್ನುತ್ತಾರೆ. ಮುಚ್ಚುತ್ತೇನೆ, ಬಿಚ್ಚುತ್ತೇನೆ. ಆರ್‌ಎ ಫ್ಯಾಕ್ಟರ್ ನೆಗೆಟಿವ್, ಎಕ್ಸ್‌ರೇ ಚೆನ್ನಾಗಿದೆ. ‘ವಯಸ್ಸಾಯ್ತಲ್ಲ ಯಜಮಾನ್ರೇ’ ಎಂಬ ತೀರ್ಪಿನೊಂದಿಗೆ ಕಡತ ಮುಕ್ತಾಯ. ಜ್ವರ ಬಂದ ಹಿಂದಿನ ದಿನ ಬಾವಿಯಿಂದ ನೀರು ಸೇದಿದವನಿಗೆ ಒಂದೇ ವಾರದಲ್ಲಿ ವಯಸ್ಸಾದದ್ದು ಹೇಗೆ ಎಂದು ನಾನು ಕೇಳಲಿಲ್ಲ. ಹಿಂದೆ ಇನ್ನೂ ಅರವತ್ತು ಜನ ನಿಂತಿದ್ದರು, ಪಾಪ ಆ ಡಾಕ್ಟರ್ ಹುಡುಗನಾದರೂ ಏನು ಮಾಡಿಯಾನು.

ಇದನ್ನು ಕಲ್ಪನೆ ಎಂದು ತಳ್ಳಿಹಾಕಲಾದರೂ ಬರುವಂತಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಮೂರು ತಿಂಗಳು ಮೀರಿದ ನೋವನ್ನು ವೈದ್ಯರೇ ದೀರ್ಘಕಾಲೀನವೆಂದು ಕರೆಯುತ್ತಾರೆ. ಹೆಂಗಸರಿಗೆ, ವಯಸ್ಸಾದವರಿಗೆ, ಮೊದಲ ಜ್ವರದಲ್ಲೇ ವಿಪರೀತ ನರಳಿದವರಿಗೆ ಇದು ಹೆಚ್ಚು. 2005–06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಮೂರರಲ್ಲೊಬ್ಬರಿಗೆ ಈ ಸೋಂಕು ತಗುಲಿತ್ತು. ಅಲ್ಲಿನ ರೋಗಿಯೊಬ್ಬರ ಕೀಲಿನ ಒಳಪೊರೆಯಲ್ಲಿ 18 ತಿಂಗಳ ಮೇಲೂ ವೈರಸ್ಸಿನ ಆರ್‌ಎನ್‌ಎ ಸಿಕ್ಕಿತ್ತು. ಸೋಂಕಿನ ಚೂರು ಉಳಿದುಕೊಂಡು ಕೆಣಕುತ್ತದೆಯೋ, ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮನೆಯವರ ಮೇಲೆ ತಿರುಗಿ ಬೀಳುತ್ತದೆಯೋ, ಎರಡೂ ಸೇರಿಯೋ ಎಂಬ ಚರ್ಚೆ ನಡೆದೇ ಇದೆ. ಇನ್ನೊಂದು ಲೆಕ್ಕ ತಮಗೆ ನೇರವಾಗಿ ಸಂಬಂಧಿಸಿದ್ದು. 2006ರ ಹಾವಳಿಯಲ್ಲಿ ದೇಶ ಕಳೆದುಕೊಂಡ ಆರೋಗ್ಯವಂತ ಬದುಕಿನ ವರ್ಷಗಳನ್ನು ಸಂಶೋಧಕರು 25,588 ಎಂದು ಅಂದಾಜಿಸಿ 2009ರಲ್ಲಿ ಪ್ರಕಟಿಸಿದರು. ಅದರಲ್ಲಿ ಶೇ 69ರಷ್ಟು ಜ್ವರದ ಬಾಬತ್ತಲ್ಲ, ಬಿಡದೆ ಉಳಿದ ಕೀಲುನೋವಿನ ಬಾಬತ್ತು. ಅಂದರೆ ಮಾನ್ಯರೇ, ತುಂಬಿ ತುಳುಕುವ ಕಾಲಂಗಳಿಗಿಂತ ಖಾಲಿ ಬಿದ್ದಿರುವ ತಾವೇ ತೂಕದವರು.

ನಮ್ಮೂರಲ್ಲಿ ಈ ಕಾಯಿಲೆ ದಾಖಲಾಗಿಯೇ ಇಲ್ಲ ಎಂದರೆ ತಪ್ಪಾಗುತ್ತದೆ. ದಾಖಲಾಗಿದೆ, ಹಾಲಿನ ಡೈರಿಯ ಪುಸ್ತಕದಲ್ಲಿ. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಎರಡು ಸೀಮೆಹಸು ಕಟ್ಟಿದ್ದಾಳೆ. ಜ್ವರ ಬಿಟ್ಟು ತಿಂಗಳುಗಟ್ಟಲೆಯಾದರೂ ಅವಳ ಬೆರಳಿಗೆ ಹಿಡಿತವಿಲ್ಲ. ಹಾಲು ಕರೆಯುವ ಹೊತ್ತೋ ಕೈ ಮಡಚದ ಬೆಳಗಿನ ಜಾವವೇ. ಪೂರ್ತಿ ಕರೆಯಲಾಗದೆ ಒಂದು ಹಸುವಿಗೆ ಕೆಚ್ಚಲು ಬಾವು ಬಂತು. ಆಗ ನೋಡಬೇಕಿತ್ತು: ಪಶುವೈದ್ಯರು ಬಂದರು, ನಾಲ್ಕೂ ಮೊಲೆ ಹಿಂಡಿ ಪರೀಕ್ಷಿಸಿದರು, ಔಷಧ ಕೊಟ್ಟರು, ತಾರೀಖು ಹಾಕಿ ಬರೆದುಕೊಂಡರು, ಮತ್ತೆ ಬಂದು ಹೇಗಿದೆ ಎಂದು ವಿಚಾರಿಸಿದರು. ಹಸುವಿನ ಊತಕ್ಕೆ ದಾಖಲೆಯಿದೆ, ಹಸು ಕರೆಯುವವಳ ಊತಕ್ಕಿಲ್ಲ. ಅವಳೇ ನಗುತ್ತಾ ಅಂದಳು, ‘ಅಣ್ಣಾ, ಡಾಕ್ಟ್ರು ಬಂದಿದ್ದಾಗ ನಾನೂ ಕೊಟ್ಟಿಗೇಲಿ ಕೈ ಚಾಚ್ಕೊಂಡು ನಿಂತ್ಕೋಬೇಕಿತ್ತು.’

ನಮ್ಮ ಮನೆಯ ವಿಚಾರವೂ ಇದೇ. ನಮ್ಮವಳ ಮಣಿಕಟ್ಟು ಮುದ್ದೆ ತೊಳಸುವುದಕ್ಕೆ ಒಪ್ಪುತ್ತಿಲ್ಲ, ತೊಳಸಲು ಹೋದ ನನ್ನದೂ ಒಪ್ಪಲಿಲ್ಲ. ರಾಗಿ ಸೀಮೆಯ ಈ ಮನೆಯಲ್ಲೀಗ ಮೂರು ಹೊತ್ತೂ ಅನ್ನ. ಹೋಬಳಿಯಲ್ಲಿ ‘ಮುದ್ದೆ ನಿಂತ ಮನೆಗಳು’ ಎಂದೊಂದು ಸರ್ವೆ ಮಾಡಿಸಿದರೆ ಎಲಿಸಾ ರಕ್ತಪರೀಕ್ಷೆಗಿಂತ ಅಗ್ಗ.

ಲೆಕ್ಕಕ್ಕೆ ಸಿಗದ ನೋವಿಗೆ ಲೆಕ್ಕವಿಡದ ವೈದ್ಯರೇ ಗತಿ. ಅಂಥವರು ನಮ್ಮ ಕಡೆ ಇದ್ದಾರೆ. ಬೋರ್ಡಿಲ್ಲ, ಚೀಟಿಯಿಲ್ಲ, ಸೂಜಿಯೊಂದಿದೆ. ಚುಚ್ಚಿದರೆ ಸಂಜೆಗೆ ಮೈಯೆಲ್ಲ ಹಗುರ, ಮಾರನೆಯ ದಿನ ತೆಂಗಿನಕಾಯಿ ಸುಲಿಯಲು ಹೋದವರೂ ಇದ್ದಾರೆ. ಸೂಜಿಯೊಳಗಿರುವುದು ಸ್ಟೀರಾಯ್ಡ್ ಎಂದು ತಿಳಿದವರು ಹೇಳುತ್ತಾರೆ. ತಜ್ಞರು ಅಳೆದು ಸುರಿದು, ಕೆಲವೇ ದಿನಕ್ಕೆ ಕೊಡಬೇಕಾದದ್ದನ್ನು ಇಲ್ಲಿ ವಾರದ ಸಂತೆಯ ಜೊತೆಗೆ ತೆಗೆದುಕೊಳ್ಳುತ್ತಾರೆ. ಷುಗರ್ ಏರುತ್ತದೆ, ಮೂಳೆ ಸವೆಯುತ್ತದೆ. ಏರಿದ ಷುಗರ್ ಮಾತ್ರ ಖಂಡಿತ ದಾಖಲಾಗುತ್ತದೆ, ಅದಕ್ಕೆ ಬೇರೆ ನಮೂನೆ ಇದೆ.

ಇಲಾಖೆ ಸುಮ್ಮನೆ ಕುಳಿತಿದೆ ಎಂದು ನಾನು ಹೇಳಲಾರೆ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದಾಗ ಸೊಳ್ಳೆ ಸಾಕುವ ಮನೆಗಳಿಗೆ ದಂಡವನ್ನೂ ಗೊತ್ತುಮಾಡಿದರು: ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಎರಡೂ ಕಾಯಿಲೆ ಹೊರುವುದು ಅದೇ ಈಡಿಸ್ ಸೊಳ್ಳೆಯಾದ್ದರಿಂದ ನಮಗೂ ಇದು ಹತ್ತಿರದ ಸುದ್ದಿ. ತೊಟ್ಟಿಯಲ್ಲಿ ಆಡುವ ಮರಿಹುಳುವಿಗೆ ಹೀಗೆ ದರಪಟ್ಟಿ ಸಿಕ್ಕಿತು, ನನ್ನ ಮಣಿಕಟ್ಟಿಗೆ ಸಿಗಲಿಲ್ಲ. ನೀರು ಶೇಖರಿಸಬೇಡಿ ಎನ್ನುವವರೂ ನಮ್ಮವರೇ, ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬಿಡುವವರೂ ನಮ್ಮವರೇ. ಈ ಎರಡೂ ಕಚೇರಿಗಳು ಪರಸ್ಪರ ಪತ್ರವ್ಯವಹಾರ ನಡೆಸಿದ ಕುರುಹು ನನಗಂತೂ ಸಿಕ್ಕಿಲ್ಲ. ಸಂಜೆ ಹೊಗೆಗಾಡಿ ಬರುತ್ತದೆ, ಹುಡುಗರು ಹಿಂದೆ ಓಡುತ್ತಾರೆ. ಹಗಲಲ್ಲಿ ಕಚ್ಚುವ ಸೊಳ್ಳೆ ಅಷ್ಟು ಹೊತ್ತಿಗೆ ಮಂಚದಡಿ ವಿಶ್ರಾಂತಿಯಲ್ಲಿರುತ್ತದೆ. ತೊಟ್ಟಿಯ ಅಂಚಿಗೆ ಅಂಟಿಸಿದ ಅದರ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ನೀರು ಸೋಕಿದರೆ ಮರಿಯಾಗುತ್ತದೆ.

ಲಸಿಕೆಯ ಆಸೆಯನ್ನೂ ಇಟ್ಟುಕೊಂಡಿದ್ದೆ. ಅಮೆರಿಕದಲ್ಲಿ 2023ರ ನವೆಂಬರ್‌ನಲ್ಲಿ ಮೊದಲನೆಯದಕ್ಕೆ ಒಪ್ಪಿಗೆ ಸಿಕ್ಕಿತು, ಅಡ್ಡಪರಿಣಾಮಗಳ ದೂರಿನಿಂದ 2025ರ ಆಗಸ್ಟ್‌ನಲ್ಲಿ ಅಲ್ಲೇ ಅದರ ಪರವಾನಗಿ ಅಮಾನತಾಯಿತು. ಅದೂ ಅಲ್ಲದೆ ಲಸಿಕೆ ಇನ್ನೂ ಜ್ವರ ಬಾರದವರಿಗೆ. ನಾವು ಅದಾಗಲೇ ಫಲಾನುಭವಿಗಳು.

ಆದಕಾರಣ ತಮ್ಮಲ್ಲಿ ಕೋರುವುದು ಇಷ್ಟು. ಜ್ವರ ದೃಢಪಟ್ಟವರ ಮನೆಗೆ ಮೂರು ತಿಂಗಳಾದ ಮೇಲೆ ಯಾರಾದರೂ ಒಮ್ಮೆ ಹೋಗಲಿ, ಬೆಳಿಗ್ಗೆ ಏಳಕ್ಕೆ ಮುಂಚೆ ಹೋಗಲಿ. ಬಾಟಲಿಯೊಂದನ್ನು ಕೈಗೆ ಕೊಟ್ಟು ಮುಚ್ಚಳ ತೆಗೆಯಿರಿ ಎನ್ನಲಿ. ತೆಗೆದರೆ ಅಡ್ಡಗೆರೆ, ತೆಗೆಯದಿದ್ದರೆ ತಮ್ಮಲ್ಲಿ ಒಂದು ಅಂಕಿ. ಹೋಗಬೇಕಾದವಳು ಕೊನೆಗೆ ನಮ್ಮೂರಿನ ಆಶಾ ಕಾರ್ಯಕರ್ತೆಯೇ ಎಂಬುದು ಗೊತ್ತು. ಅವಳಿಗೂ ಹೋದ ವರ್ಷ ಇದೇ ಜ್ವರ ಬಂದಿತ್ತು, ಅವಳಿಗೆ ಸಹ ಮುಚ್ಚಳ ತೆಗೆಯಲಾಗುವುದಿಲ್ಲ. ಆ ಕೆಲಸಕ್ಕೆ ಗೌರವಧನ ಎಷ್ಟೆಂದು ಮೊದಲೇ ತಿಳಿಸಿದರೆ ಒಳ್ಳೆಯದು. ತಾವು ತುಂಬಿದರೆ ತಾಲ್ಲೂಕಿಗೊಬ್ಬ ಕೀಲು ತಜ್ಞ ಬೇಕು, ಫಿಸಿಯೋಥೆರಪಿ ಕೋಣೆ ಬೇಕು, ಮಾತ್ರೆಗೆ ಹಣ ಬೇಕು ಎಂದು ಮೇಲಿನವರು ತಮ್ಮನ್ನು ಖಾಲಿಯಿಟ್ಟಿದ್ದಾರೆಂದು ದುಷ್ಟರು ಆಡಿಕೊಳ್ಳುತ್ತಾರೆ. ನಾನು ನಂಬಿಲ್ಲ. ಬರೆಯುವವರ ಬೆರಳೂ ನೋಯುತ್ತಿರಬಹುದು.

ಇಂತಿ ತಮ್ಮ ವಿಧೇಯ,
(ಸಹಿ)
ನಿವೃತ್ತ ಪ್ರ.ದ.ಸ.

ವಿ.ಸೂ.: ಮೇಲಿನ ಸಹಿ ನನ್ನದೇ. ಬ್ಯಾಂಕಿನವರು ಒಪ್ಪುತ್ತಿಲ್ಲ. ಹಳೆಯದಕ್ಕೂ ಇದಕ್ಕೂ ತಾಳೆಯಾಗುವುದಿಲ್ಲವೆಂದು ಪಿಂಚಣಿ ಹಣ ತೆಗೆಯಲು ಹೆಬ್ಬೆಟ್ಟು ಒತ್ತಿಸಿಕೊಂಡರು. ವೃತ್ತಿಯುದ್ದಕ್ಕೂ ಪರರ ಹೆಬ್ಬೆಟ್ಟಿನ ಪಕ್ಕ ‘ಇವರ ಗುರುತು’ ಎಂದು ಬರೆದವನು ನಾನು. ನನ್ನದರ ಪಕ್ಕ ಅಲ್ಲಿನ ಹುಡುಗಿ ಬರೆದಳು. ಸಹಿ ಯಾಕೆ ಬದಲಾಯಿತು ಎಂಬ ಅಂಕಣ ಅವರ ಅರ್ಜಿಯಲ್ಲಿತ್ತು. ‘ಚಿಕುನ್‌ಗುನ್ಯ’ ಎಂದು ಹೇಳಿದೆ, ಅವಳು ‘ವೃದ್ಧಾಪ್ಯ’ ಎಂದು ತುಂಬಿಕೊಂಡಳು.