ಲೇಬಲ್ ರಾಯರ ಬಟ್ಟಲು

ಆಫೀಸಿಗೊಬ್ಬರು ಲೇಬಲ್ ರಾಯರು ಇದ್ದೇ ಇರುತ್ತಾರೆ. ಅವರು ರಾಯರೇ ಆಗಬೇಕೆಂದಿಲ್ಲ. ಗೌಡರು, ಪಾಟೀಲರು, ಫರ್ನಾಂಡಿಸರು ಯಾರು ಬೇಕಾದರೂ ಆಗಬಹುದು. ಗುರುತು ಒಂದೇ: ತಿನ್ನುವ ಪದಾರ್ಥದ ಪೊಟ್ಟಣ ಕೈಗೆ ಸಿಕ್ಕಿದ ತಕ್ಷಣ ಅದನ್ನು ಮಗುಚಿ, ಕನ್ನಡಕ ಹಣೆಗೇರಿಸಿ, ಹಿಂಭಾಗ ಓದುತ್ತಾರೆ. ಮುಂಭಾಗದ ಗೋಧಿ ತೆನೆ, ಜೇನಿನ ಹನಿ, ಟೇಪು ಸುತ್ತಿಕೊಂಡ ಸಣ್ಣ ನಡು ಇವೆಲ್ಲ ಅವರ ಪಾಲಿಗೆ ಚುನಾವಣಾ ಪ್ರಣಾಳಿಕೆ. ಓದುವುದೂ ಇಲ್ಲ, ನಂಬುವುದೂ ಇಲ್ಲ.

ನಮ್ಮ ರಾಯರ ಮನೆ ಬಸವನಗುಡಿ, ಆಫೀಸು ಎಲೆಕ್ಟ್ರಾನಿಕ್ ಸಿಟಿ. ನಡುವೆ ಸಿಲ್ಕ್ ಬೋರ್ಡ್. ಏಳಕ್ಕೆ ಮುಂಚೆ ಹೊರಟರೆ ಎಂಟರೊಳಗೆ ಸೀಟಿನಲ್ಲಿರಬಹುದು. ಏಳೂವರೆಗೆ ಹೊರಟರೆ ದೇವರೇ ಗತಿ. ಹಾಗಾಗಿ ತಿಂಡಿ ಆಫೀಸಿನಲ್ಲೇ. ಬಹಳ ಕಾಲ ಕ್ಯಾಂಟೀನಿನ ಸೆಟ್ ದೋಸೆ, ಮೇಲೊಂದು ವಡೆ ಎಂದು ಸಂಸಾರ ಸುಖವಾಗಿಯೇ ನಡೆದಿತ್ತು. ಆಮೇಲೆ ಕಂಪನಿಯವರು ಮಾಡಿಸಿದ ಹೆಲ್ತ್ ಚೆಕಪ್ಪಿನ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಅಂಕಿಯ ಪಕ್ಕ ಮೇಲ್ಮುಖವಾಗಿ ಒಂದು ಪುಟ್ಟ ಬಾಣ ಕಾಣಿಸಿಕೊಂಡಿತು. ಬಾಣ ನೆಟ್ಟಗೆ ರಾಯರ ಎದೆಗೇ ನಾಟಿತು. ಅಂದು ಸೂಪರ್ ಮಾರ್ಕೆಟ್ಟಿನ ಸೀರಿಯಲ್ ಸಾಲಿನಲ್ಲಿ ಹೋಗಿ ನಿಂತವರು, ಮನಸ್ಸಿನಲ್ಲಿ ಇವತ್ತಿಗೂ ಅಲ್ಲೇ ನಿಂತಿದ್ದಾರೆ.

ಅವರ ಮೇಜಿನ ಕೆಳಗಿನ ಡ್ರಾಯರನ್ನು ಫೈಲಿಡಲಿ ಎಂದು ಮಾಡಿದ್ದು. ಈಗ ಅದರಲ್ಲಿ ಓಟ್ಸ್, ಮ್ಯೂಸ್ಲಿ, ಗೋಧಿ ತೌಡಿನ ಫ್ಲೇಕ್ಸ್, ರಾಗಿ ಫ್ಲೇಕ್ಸ್, ಕುಂಬಳಬೀಜ, ಅಗಸೆಬೀಜ, ಒಂದೊಂದರ ಬಾಯಿಗೂ ರಬ್ಬರ್ ಬ್ಯಾಂಡು. ಡ್ರಾಯರ್ ಎಳೆದರೆ ಕಾಕಾ ಅಂಗಡಿಯ ವಾಸನೆ. ಬಜೆಟ್ ಹಾಳೆ ಕೇಳಲು ಹೋದವರಿಗೆ ಮೊದಲು ಉಪನ್ಯಾಸ.

"ಮೊದಲನೆ ಹೆಸರು ನೋಡಿ. ಯಾವುದು ಜಾಸ್ತಿ ಹಾಕಿರ್ತಾರೋ ಅದನ್ನೇ ಮೊದಲು ಬರೀಬೇಕು, ಅದು ಕಾನೂನು. ಇಲ್ಲಿ ಸಕ್ಕರೆ ನಾಲ್ಕನೇದು ಅಂತ ನೀವು ಖುಷಿ ಪಡ್ತೀರಿ. ಐದನೇದು ಜೇನು, ಆರು ಲಿಕ್ವಿಡ್ ಗ್ಲೂಕೋಸ್, ಏಳು ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್. ಎಲ್ಲಾ ಒಂದೇ ಮನೆಯವರು ಸ್ವಾಮೀ! ಬೇರೆ ಬೇರೆ ಬಾಗಿಲಲ್ಲಿ ಒಳಗೆ ಬರ್ತಾರೆ ಅಷ್ಟೆ."

ಇದನ್ನು ಮಾತ್ರ ಒಪ್ಪಬೇಕು. ರಾಯರನ್ನು ನಗೆಪಾಟಲು ಮಾಡುವುದು ಸುಲಭ, ಆದರೆ ಅವರ ಲೆಕ್ಕ ತಪ್ಪುವುದಿಲ್ಲ. 100 ಗ್ರಾಮಿಗೆ ನಾರು 6 ಗ್ರಾಂ ಇದ್ದರಷ್ಟೇ ಹೇರಳ ನಾರು ಎಂದು ಪೊಟ್ಟಣದ ಮೇಲೆ ಬರೆದುಕೊಳ್ಳಬಹುದು. 3 ಗ್ರಾಂ ಇದ್ದರೆ ನಾರಿನ ಮೂಲ ಎನ್ನಬಹುದು, ಅಷ್ಟೇ. ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಕೊಡುವ ಕ್ಯಾಲೊರಿ ಬಹುತೇಕ 30 ಗ್ರಾಮಿನ ಲೆಕ್ಕ. ರಾಯರು ಒಂದು ದಿನ ಅಂಚೆ ವಿಭಾಗದ ತಕ್ಕಡಿ ತರಿಸಿ ಎಲ್ಲರೆದುರು 30 ಗ್ರಾಂ ತೂಗಿ ತೋರಿಸಿದರು. ಬಟ್ಟಲಿನ ತಳವೂ ಮುಚ್ಚಲಿಲ್ಲ. "ಇದು ಗುಬ್ಬಚ್ಚಿಗೆ," ಎಂದು ಪ್ಯಾಂಟ್ರಿಯ ಅಕ್ಕ ಷರಾ ಬರೆದಳು.

ಕಷ್ಟವಿರುವುದು ರುಚಿಯ ಹತ್ತಿರ. ಹಿಂಭಾಗ ಚೆನ್ನಾಗಿರುವುದು ನಾಲಿಗೆಗೆ ಹಿಡಿಸುವುದಿಲ್ಲ, ನಾಲಿಗೆಗೆ ಹಿಡಿಸಿದ್ದರ ಹಿಂಭಾಗ ನೋಡುವಂತಿಲ್ಲ. ತೌಡಿನ ಫ್ಲೇಕ್ಸನ್ನು ರಾಯರು ಒಂದು ವಾರ ಕಣ್ಣುಮುಚ್ಚಿ ನುಂಗಿದರು. ಓಟ್ಸಿನಲ್ಲಿರುವ ಬೀಟಾ ಗ್ಲೂಕನ್ ದಿನಕ್ಕೆ 3 ಗ್ರಾಂ ಹೊಟ್ಟೆಗೆ ಹೋದರೆ ಕೊಲೆಸ್ಟ್ರಾಲ್ ತಗ್ಗುತ್ತದೆ ಎಂದು ಓಟ್ಸಿಗೆ ಬಂದರು. ಅದು ಮೈಕ್ರೋವೇವ್ ಒಲೆಯಲ್ಲಿ ಉಕ್ಕಿ, ಯಾರದೋ ಬಿಸಿಬೇಳೆಭಾತಿನ ಡಬ್ಬಿಗೂ ಮೆತ್ತಿ, ಎಚ್‌ಆರ್‌ನಿಂದ ಎಲ್ಲರಿಗೂ ಒಂದು ಮೇಲ್ ಬಂತು. 2023 ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವಾದದ್ದೇ ತಡ, ಅಂಗಡಿ ತುಂಬ ಸಿರಿಧಾನ್ಯದ ಪೊಟ್ಟಣ. ಕ್ಯಾಲ್ಸಿಯಂ ಬೇಕೆಂದರೆ ರಾಗಿಯೇ ಸರಿ ಎಂದು ರಾಯರು ಒಂದನ್ನು ಎತ್ತಿಕೊಂಡರು. ಮುಂದೆ ತೂಗಾಡುವ ರಾಗಿ ತೆನೆ; ತಿರುಗಿಸಿದರೆ ಮೊದಲ ಹೆಸರು ಅಕ್ಕಿಹಿಟ್ಟು, ಎರಡನೆಯದು ಸಕ್ಕರೆ, ರಾಗಿ ಅದರ ಹಿಂದೆ. ಆ ದಿನ ರಾಯರು ಮಧ್ಯಾಹ್ನದವರೆಗೂ ಯಾರ ಹತ್ತಿರವೂ ಮಾತಾಡಲಿಲ್ಲ.

ಹೀಗೆ ಅನುತ್ತೀರ್ಣವಾದ ಪೊಟ್ಟಣಗಳೆಲ್ಲ ಶನಿವಾರ ಮನೆ ಸೇರುತ್ತವೆ. ಅವರ ಹೆಂಡತಿ ಅದಕ್ಕೆ ಕಡಲೆಕಾಯಿ ಬೀಜ, ಕರಿಬೇವು, ಇಂಗು, ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟು ಚಿವ್ಡಾ ಮಾಡುತ್ತಾರೆ. ಭಾನುವಾರ ಕ್ರಿಕೆಟ್ ನೋಡುತ್ತಾ ಡಬ್ಬ ಖಾಲಿ ಮಾಡುವವರು ಯಾರೆಂದು ನಾನು ಹೇಳಬೇಕಿಲ್ಲ.

ರಾಯರಿಗೆ ಸೀರಿಯಲ್ಲಿನ ಪುರಾಣವೂ ಕಂಠಪಾಠ. ಅಮೆರಿಕದ ಬ್ಯಾಟಲ್ ಕ್ರೀಕ್ ಊರಿನ ಆರೋಗ್ಯಧಾಮದಲ್ಲಿ ಡಾಕ್ಟರ್ ಜಾನ್ ಹಾರ್ವೆ ಕೆಲಾಗ್ ರೋಗಿಗಳಿಗೆ ಸಪ್ಪೆ ಊಟ ಬಡಿಸುತ್ತಿದ್ದದ್ದು, 1894ರಲ್ಲಿ ಬೇಯಿಸಿಟ್ಟು ಮರೆತ ಗೋಧಿಯನ್ನು ಲಟ್ಟಿಸಿದಾಗ ಅದು ಪದರ ಪದರವಾಗಿ ಬಂದದ್ದು, ಸಕ್ಕರೆ ಸೇರಿಸೋಣ ಎಂದ ತಮ್ಮನಿಗೂ ಕೂಡದೆಂದ ಅಣ್ಣನಿಗೂ ಎಣ್ಣೆ ಸೀಗೆಕಾಯಿ ಆದದ್ದು, 1906ರಲ್ಲಿ ತಮ್ಮ ತನ್ನದೇ ಕಂಪನಿ ತೆರೆದದ್ದು ಎಲ್ಲವನ್ನೂ ಹರಿಕಥೆ ದಾಸರ ಧಾಟಿಯಲ್ಲಿ ಹೇಳುತ್ತಾರೆ. ಕೇಳುವಾಗ ನನಗೆ ಸದಾ ಅನ್ನಿಸುವುದು: ರಾಯರ ಮನಸ್ಸು ಅಣ್ಣನ ಕಡೆ, ನಾಲಿಗೆ ತಮ್ಮನ ಕಡೆ.

ಅಕೌಂಟ್ಸಿನ ಶೆಟ್ಟರಿಗೆ ಇದೆಲ್ಲ ತಮಾಷೆ. "ಭತ್ತ ನೆನೆಸಿ, ಹುರಿದು, ಕುಟ್ಟಿದ್ರೆ ಅವಲಕ್ಕಿ. ಜೋಳದ ನುಚ್ಚು ಬೇಯಿಸಿ, ಚಪ್ಪಟೆ ಮಾಡಿ, ಹುರಿದ್ರೆ ನಿಮ್ಮ ಕಾರ್ನ್‌ಫ್ಲೇಕ್ಸು. ಎಂತ ವ್ಯತ್ಯಾಸ ಮಾರಾಯ್ರೆ?"

"ಅವಲಕ್ಕಿಯಲ್ಲಿ ನಾರು ಎಷ್ಟಿದೆ ಅಂತ ಗೊತ್ತಾ ನಿಮಗೆ?"

"ಕಾರ್ನ್‌ಫ್ಲೇಕ್ಸಲ್ಲಿ ಭಾರಿ ಉಂಟಾ?"

"ಇಲ್ಲ. ಅದಕ್ಕೇ ಅದನ್ನೂ ಬಿಟ್ಟೆ."

ಸದ್ಯಕ್ಕೆ ಗೆದ್ದಿರುವುದು ಸಕ್ಕರೆ ಸೇರಿಸದ ಒಂದು ಮ್ಯೂಸ್ಲಿ. ಅದಕ್ಕೆ ಅರ್ಧ ಸೇಬು ಹೆಚ್ಚಿ ಹಾಕಿಕೊಳ್ಳುತ್ತಾರೆ. ಜ್ಯೂರಿಕ್ಕಿನ ಡಾಕ್ಟರ್ ಬಿರ್ಷರ್ ಬೆನ್ನರ್ ನೂರು ವರ್ಷಕ್ಕೂ ಹಿಂದೆ ಮ್ಯೂಸ್ಲಿ ಶುರುಮಾಡಿದಾಗ ಅದರಲ್ಲಿ ಸೇಬೇ ಮುಖ್ಯ, ಓಟ್ಸ್ ಒಂದೇ ಚಮಚ, ಅದೂ ರಾತ್ರಿ ನೆನೆಸಿದ್ದು. ಪೊಟ್ಟಣದವರು ಅದನ್ನು ತಲೆಕೆಳಗು ಮಾಡಿದ್ದಾರೆ ಎಂಬುದು ರಾಯರ ದೂರು, ಸರಿಯಾದ ದೂರೇ.

ಇನ್ನು ಹಾಲು. ಬಿಸಿ ಹಾಲು ಸುರಿದರೆ ಗಂಜಿ, ಆದ್ದರಿಂದ ತಣ್ಣನೆಯದೇ ಆಗಬೇಕು. ನಂದಿನಿ ಗುಡ್‌ಲೈಫ್ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ಸ್ಟೀಲ್ ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ, ಹಾಲು ಎಲ್ಲಿಯವರೆಗಿದೆಯೋ ಅಲ್ಲಿಗೆ ಮಾರ್ಕರಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆದು ಫ್ರಿಜ್ಜಿನಲ್ಲಿಡುತ್ತಾರೆ. ಕೆ.ಆರ್.ಎಸ್. ನೀರಿನ ಮಟ್ಟವನ್ನೂ ಯಾರೂ ಇಷ್ಟು ಶ್ರದ್ಧೆಯಿಂದ ನೋಡಲಿಕ್ಕಿಲ್ಲ. ಆದರೂ ಸೋಮವಾರ ಗೆರೆಗಿಂತ ಎರಡು ಬೆರಳು ಕೆಳಗೆ ಇರುತ್ತದೆ. ಪ್ಯಾಂಟ್ರಿಯ ಅಕ್ಕನನ್ನು ಕೇಳಿದರೆ, "ಹಾಲು ಇಂಗುತ್ತೆ ಸಾರ್."

ಹಾಲು ಬಿದ್ದ ಮೇಲೆ ಫ್ಲೇಕ್ಸಿನ ಗರಿಗರಿಗೆ ಆಯಸ್ಸು ನಾಲ್ಕೈದು ನಿಮಿಷ. ಆ ನಾಲ್ಕೈದು ನಿಮಿಷವನ್ನು ಬಿಟ್ಟುಕೊಡುವ ಆಫೀಸು ಇನ್ನೂ ಹುಟ್ಟಿಲ್ಲ. ಚಮಚ ಬಾಯಿಗೆ ಹೋಗುವುದಕ್ಕೂ ಮ್ಯಾನೇಜರಿನ ಫೋನು ಬರುವುದಕ್ಕೂ ಏನೋ ಒಳಒಪ್ಪಂದವಿದೆ. ಒಮ್ಮೆ ಮ್ಯೂಟ್ ಮಾಡುವುದನ್ನು ಮರೆತು ರಾಯರು ಬಾದಾಮಿ ಅಗಿಯುತ್ತಿದ್ದಾಗ ಪುಣೆಯಿಂದ ಯಾರೋ ವಿಚಾರಿಸಿದರು: ಅಲ್ಲಿ ಮೆಟ್ರೋ ಕೆಲಸ ನಡೀತಾ ಇದೆಯಾ? ಆಫೀಸಿಗೆ ಸೀರಿಯಲ್ ಆರಿಸುವವರು ಸಕ್ಕರೆಗಿಂತ ಮೊದಲು ಮೀಟಿಂಗ್ ಕ್ಯಾಲೆಂಡರ್ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ರಾಯರು ಇದನ್ನು ಒಪ್ಪುವುದಿಲ್ಲ. ಮೀಟಿಂಗ್ ಮುಗಿಸಿ ಬಂದು ಮೆತ್ತಗಾದದ್ದನ್ನು ಮೌನವಾಗಿ ತಿನ್ನುತ್ತಾರೆ.

ಮೊನ್ನೆ ದಾವಣಗೆರೆಯ ಹುಡುಗಿಯೊಬ್ಬಳು ಹೊಸದಾಗಿ ಸೇರಿದಳು. ಬೆಳಗಿನ ತಿಂಡಿಗೆ ಏನಾದರೂ ಹೆಲ್ದಿಯಾದ್ದು ಹೇಳಿ ಸರ್ ಎಂದು ತಾನಾಗಿಯೇ ರಾಯರನ್ನು ಕೇಳಿಬಿಟ್ಟಳು. ಯಾರೂ ಹೀಗೆ ಕೇಳಿ ಎಷ್ಟೋ ಕಾಲವಾಗಿತ್ತು. ಡ್ರಾಯರ್ ಪೂರ್ತಿ ಹೊರಬಂತು. ನಾರು, ಸೋಡಿಯಂ, ಅಣ್ಣತಮ್ಮಂದಿರ ಜಗಳ, ಜ್ಯೂರಿಕ್ ಎಲ್ಲ ಆಯಿತು. ಹುಡುಗಿ ಶ್ರದ್ಧೆಯಿಂದ ಕೇಳಿ ಕೊನೆಗೆ ಒಂದೇ ಪ್ರಶ್ನೆ ಹಾಕಿದಳು.

"ಸರ್, ಇದ್ರಾಗೆ ಖಾರದ್ದು ಯಾವ್ದೂ ಬರಲ್ವಾ?"

ಹಬ್ಬಕ್ಕೆ ಊರಿಗೆ ಹೋದವಳು ಸೋಮವಾರ ದೊಡ್ಡದೊಂದು ಕವರಿನಲ್ಲಿ ನರ್ಗೀಸ್ ಮಂಡಕ್ಕಿ ತಂದಳು. ಪುಟಾಣಿ ಪುಡಿ, ಬೆಳ್ಳುಳ್ಳಿ ಒಗ್ಗರಣೆ, ಇಡೀ ಮಹಡಿಗೆ ಘಮ. ಶೆಟ್ಟರು ಆಗಲೇ ಎರಡನೇ ಹಿಡಿಯಲ್ಲಿದ್ದರು. ರಾಯರು ಬಂದರು, ಕವರನ್ನು ಎತ್ತಿ ಹಿಡಿದು ಮಗುಚಿದರು. ಬರಿಯ ಬಿಳಿ ಪ್ಲಾಸ್ಟಿಕ್. ಮತ್ತೆ ಈ ಕಡೆ ಮಗುಚಿದರು.

"ಎಕ್ಸ್‌ಪೈರಿ ಎಲ್ಲಮ್ಮ ಹಾಕಿದ್ದಾರೆ?"

ಹುಡುಗಿ ಕವರಿನೊಳಗಿದ್ದ ಕೈಗಳನ್ನು ಒಮ್ಮೆ ನೋಡಿದಳು. "ಇನ್ನೊಂದು ಹತ್ತು ನಿಮಿಷ ಇರಬಹುದು ಸರ್. ಬೇಗ ತಗೊಳ್ಳಿ."